ಚಾವಡಿಯ ಹಾಜರಿ, ಶಾಲೆಯ ಹಾಜರಿ

ಕೊಲ್ಹಾಪುರದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಮಹಾಲಕ್ಷ್ಮಿಯ ದೇವಾಲಯದಿಂದಲೋ, ಶಿಲಾಹಾರರ ಕನ್ನಡ ಶಾಸನಗಳಿಂದಲೋ, ತಾರಾರಾಣಿಯ ಪರಾಕ್ರಮದಿಂದಲೋ ಆರಂಭಿಸುವರು. ಅದು ಯೋಗ್ಯವೇ ಸರಿ. ಆದರೆ ಅರಸರಿಗಿರುವಂತೆ ಬೀದಿಯಲ್ಲಿ ಬೆಳೆಯುವ ಹುಡುಗನಿಗೆ ಶಾಸನವಿಲ್ಲ. ಅವನ ಹೆಸರು ಬರೆದಿರುವುದಾದರೆ ಎರಡೇ ಪುಸ್ತಕಗಳಲ್ಲಿ: ಒಂದು ಚಾವಡಿಯ ಹಾಜರಿ, ಇನ್ನೊಂದು ಶಾಲೆಯ ಹಾಜರಿ. ಮೊದಲನೆಯದರಿಂದ ಎರಡನೆಯದಕ್ಕೆ ಆ ಹೆಸರು ಹೇಗೆ ಬಂದಿತು, ಅದನ್ನು ಯಾರು ತಂದರು, ಎಷ್ಟು ಹೆಸರುಗಳು ನಡುದಾರಿಯಲ್ಲಿಯೇ ಉಳಿದುವು ಎಂಬುದನ್ನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸೀಮೆಯಲ್ಲಿ ಕಂಡಷ್ಟು ಹೇಳಲು ಇಲ್ಲಿ ಯತ್ನಿಸಿದೆ.

ಚಾವಡಿಯ ಹಾಜರಿಯೆಂದರೇನೆಂಬುದನ್ನು ಇಂದಿನ ತರುಣ ವಾಚಕರಿಗೆ ವಿವರಿಸಲೇಬೇಕು. ಮಹಾರ, ಮಾಂಗ, ರಾಮೋಶಿ, ಬೇರಡ ಮೊದಲಾದ ಜಾತಿಗಳ ಜನರು ಪ್ರತಿದಿನವೂ ಊರ ಚಾವಡಿಗೆ ಬಂದು ತಾವು ಊರಲ್ಲಿಯೇ ಇರುವೆವೆಂದು ತೋರಿಸಿಕೊಳ್ಳಬೇಕಾಗಿತ್ತು. ಬೇರಡರೆಂದರೆ ಬೇರೆ ಯಾರೂ ಅಲ್ಲ, ನಮ್ಮ ಬೇಡರೇ. ಕನ್ನಡದ ಹೆಸರು ಮರಾಠಿಯ ಬಾಯಲ್ಲಿ ಹಾಗಾಯಿತು. ಕಳವು ಯಾರು ಮಾಡಿದರೂ ಮೊದಲು ಕೇಳುವುದು ಇವರನ್ನೇ. ಪರಸ್ಥಳಕ್ಕೆ ಕೂಲಿಗೆ ಹೋಗಬೇಕೆಂದರೂ ಪಾಟೀಲನ ಅಪ್ಪಣೆ ಬೇಕು. ತಂದೆ ನಿಂತ ಸಾಲಿನಲ್ಲಿಯೇ ಮಗನೂ ನಿಲ್ಲುವವನು. ಹುಟ್ಟಿನಿಂದಲೇ ಅವನು ಸಂಶಯಕ್ಕೆ ಪಾತ್ರ. ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯದೆ ಈ ಸಂಶಯಕ್ಕೆ ಕಾನೂನಿನ ಮುದ್ರೆಯನ್ನೊತ್ತಿತು. 1911ರ ಕಾಯದೆ ಅದನ್ನು ದೇಶದ ಉಳಿದ ಭಾಗಗಳಿಗೂ ಹಬ್ಬಿಸಿತು. ಮುಂಬಯಿ ಇಲಾಖೆಯಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರ, ಸೋಲಾಪುರಗಳಲ್ಲಿ ಇಂಥವರಿಗಾಗಿ ವಸಾಹತುಗಳಾದುವು. ಅಲ್ಲಿ ಗಿರಣಿಯ ಕೆಲಸವಿತ್ತು, ಮಕ್ಕಳಿಗೆ ಶಾಲೆಯೂ ಇತ್ತು; ಆದರೆ ಸುತ್ತಲೂ ಬೇಲಿಯಿತ್ತು, ದಿನದಿನದ ಎಣಿಕೆಯಿತ್ತು. ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಬೇಲಿಯೊಳಗಿಟ್ಟು ಸುಧಾರಿಸುವುದು ಒಂದು ಮಾರ್ಗ. ಕೊಲ್ಹಾಪುರದಲ್ಲಿ ಹಿಡಿದುದು ಮತ್ತೊಂದು.

ಆ ಮಾರ್ಗವನ್ನು ಹಿಡಿದವರು ರಾಜರ್ಷಿ ಶಾಹೂ ಛತ್ರಪತಿಗಳು. ಕಾಗಲದ ಘಾಟಗೆ ಮನೆತನದಲ್ಲಿ 1874ರ ಜೂನ್ 26ರಂದು ಹುಟ್ಟಿ, 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕ ಬಂದವರು. ಅವರ ಹೆತ್ತತಾಯಿ ರಾಧಾಬಾಯಿಯವರು ಮುಧೋಳದ ಅರಮನೆಯ ಮಗಳು. ರಾಜಕೋಟದಲ್ಲಿ ಕೆಲಕಾಲ ಓದಿದ ಬಳಿಕ 1890ರಿಂದ 1894ರ ವರೆಗೆ ಅವರು ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ ವಿದ್ಯೆ ಕಲಿತುದು ನಮ್ಮ ಧಾರವಾಡದಲ್ಲಿ. ಕನ್ನಡಿಗರಾದ ನಾವು ಈ ಎರಡು ಸಂಗತಿಗಳನ್ನು ಅಭಿಮಾನದಿಂದ ನೆನೆಯುವುದುಂಟು. ಆದರೆ ಮಹಾರಾಜರ ಹಿರಿಮೆ ಅವರು ಎಲ್ಲಿ ಓದಿದರೆಂಬುದರಲ್ಲಿಲ್ಲ, ಯಾರನ್ನು ಓದಿಸಿದರೆಂಬುದರಲ್ಲಿದೆ.

1894ರಲ್ಲಿ ಅಧಿಕಾರವನ್ನು ವಹಿಸಿಕೊಂಡ ಮಹಾರಾಜರು ಎರಡು ವರುಷಗಳಲ್ಲಿ, ಅಂದರೆ 1896ರಲ್ಲಿ, ರಾಜಾರಾಮ ಕಾಲೇಜಿಗೆ ಹೊಂದಿಕೊಂಡು ಎಲ್ಲ ಜಾತಿಯ ವಿದ್ಯಾರ್ಥಿಗಳಿಗೂ ಒಂದು ವಸತಿಗೃಹವನ್ನು ತೆರೆದರು. ಬಾಗಿಲು ಎಲ್ಲರಿಗೂ ತೆರೆದಿತ್ತು. ಒಳಗೆ ಉಳಿದವರು ಮಾತ್ರ ಒಂದೇ ವರ್ಗದವರು. ಉಳಿದವರು ಬರಲಿಲ್ಲ, ಬಂದವರು ನಿಲ್ಲಲಿಲ್ಲ. ಈ ಸಣ್ಣ ಸಂಗತಿಯನ್ನು ಇತಿಹಾಸಕಾರರು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ನನ್ನ ಅಲ್ಪಮತಿಗೆ ತೋರುವ ಮಟ್ಟಿಗೆ ಮುಂದಿನ ಎಲ್ಲ ಕೆಲಸದ ಬೀಜವಿರುವುದು ಇಲ್ಲಿಯೇ. ಬಾಗಿಲ ಮೇಲೆ 'ಎಲ್ಲರಿಗೂ ಪ್ರವೇಶವಿದೆ' ಎಂದು ಬರೆದ ಮಾತ್ರಕ್ಕೆ ಎಂದೂ ಬಾಗಿಲನ್ನು ದಾಟದಿದ್ದವನು ದಾಟಲಾರನು. ಪಂಕ್ತಿಯಲ್ಲಿ ತನ್ನ ಪಕ್ಕದಲ್ಲಿ ಯಾರು ಕೂಡುವರು, ತನ್ನ ಮಾತಿನ ಧಾಟಿಗೆ ಯಾರು ನಗುವರು, ತಾನು ಮುಟ್ಟಿದ ನೀರಿನ ಗತಿಯೇನು ಎಂಬ ಅಂಜಿಕೆ ಅವನನ್ನು ಹೊಸ್ತಿಲಲ್ಲಿಯೇ ತಡೆಯುವುದು.

ಆದುದರಿಂದ ಮಹಾರಾಜರು ಬೇರೆ ದಾರಿಯನ್ನು ತುಳಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗು. ಅದೇ ವರುಷ ದಿಗಂಬರ ಜೈನ ಬೋರ್ಡಿಂಗು. 1906ರಲ್ಲಿ ಮುಸಲ್ಮಾನರ ಬೋರ್ಡಿಂಗು. 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿ ವಸತಿಗೃಹ. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು. ಕೊನೆಯದಕ್ಕೆ ಆಗಿನ ಮುಂಬಯಿಯ ಗವರ್ನರ ಜಾರ್ಜ್ ಕ್ಲಾರ್ಕರ ಮಗಳ ಹೆಸರನ್ನಿಟ್ಟರು. ಶಿಂಪಿಗರು, ಸಾರಸ್ವತರು, ಪಾಂಚಾಳರು ಹೀಗೆ ಬೇರೆ ಬೇರೆ ಸಮಾಜಗಳಿಗೂ ಸ್ಥಳ, ಕಟ್ಟಡ, ಧನಸಹಾಯ ದೊರೆತುವು. ಕೊಲ್ಹಾಪುರಕ್ಕೆ 'ವಿದ್ಯಾರ್ಥಿ ವಸತಿಗೃಹಗಳ ತಾಯಿ' ಎಂಬ ಬಿರುದು ಬಂದುದು ಹೀಗೆ. ಗಡಹಿಂಗ್ಲಜದ ಕಡೆಯಿಂದಲೂ ಕೃಷ್ಣೆಯ ದಂಡೆಯಿಂದಲೂ ಬಂದು, ಮನೆಯಲ್ಲಿ ಕನ್ನಡವನ್ನೂ ಪಾಠದಲ್ಲಿ ಮರಾಠಿಯನ್ನೂ ಆಡುತ್ತಿದ್ದ ಹುಡುಗರಿಗೆ ವೀರಶೈವ ಮತ್ತು ಜೈನ ಬೋರ್ಡಿಂಗುಗಳು ನಗರದಲ್ಲಿ ಒಂದು ಮನೆಯಾದುವು.

ಜಾತಿಗೊಂದು ಬೋರ್ಡಿಂಗು ಕಟ್ಟಿ ಜಾತಿಯನ್ನೇ ಬೆಳೆಸಿದಂತಾಗಲಿಲ್ಲವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪ್ರಶ್ನೆ ಅಪ್ರಸ್ತುತವಲ್ಲ. ಆದರೆ 1896ರ ಅನುಭವವನ್ನು ಮರೆತು ಅದನ್ನು ಕೇಳಬಾರದು. ಮೊದಲು ಹುಡುಗ ನಗರಕ್ಕೆ ಬರಬೇಕು, ಬಂದು ಎರಡು ಹೊತ್ತು ಉಣ್ಣಬೇಕು, ಭಯವಿಲ್ಲದೆ ನಿದ್ರಿಸಬೇಕು; ಒಂದೇ ಬೆಂಚಿನ ಮೇಲೆ ಕೂಡುವುದು ಅದರ ಮುಂದಿನ ಮಾತು. ಆ ಮುಂದಿನ ಮಾತನ್ನೂ ಮಹಾರಾಜರು ಬಿಡಲಿಲ್ಲ. 1902ರ ಜುಲೈ 26ರ ಆಜ್ಞೆಯಿಂದ ಸಂಸ್ಥಾನದ ತೆರವಾದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಕಾದಿಟ್ಟರು. ಓದಿದ ಹುಡುಗನಿಗೆ ಓದಿನ ಮುಂದೊಂದು ಬಾಳು ಕಾಣಿಸಿತು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿದರು. ಮಗುವನ್ನು ಶಾಲೆಗೆ ಕಳಿಸದ ತಂದೆಗೆ ತಿಂಗಳಿಗೆ 1 ರೂಪಾಯಿ ದಂಡ. 1919ರಲ್ಲಿ ಅಸ್ಪೃಶ್ಯರ ಬೇರೆ ಶಾಲೆಗಳನ್ನು ಮುಚ್ಚಿ ಆ ಮಕ್ಕಳನ್ನು ಎಲ್ಲರೊಡನೆ ಕೂಡಿಸಿದರು. ಈ ಕ್ರಮವನ್ನು ಗಮನಿಸಬೇಕು: ಮೊದಲು ಊಟ ಮತ್ತು ಹಾಸಿಗೆ, ಅನಂತರ ನೌಕರಿ, ಅನಂತರ ಒಂದೇ ಶಾಲೆ.

ಚಾವಡಿಯ ಹಾಜರಿಯನ್ನು ಮಹಾರಾಜರು 1918ರಲ್ಲಿ ರದ್ದುಪಡಿಸಿದರು. ಕಾಡುಮೇಡು ಅಲೆಯುತ್ತ ಕಳ್ಳರೆಂಬ ಹೆಸರನ್ನು ಹೊತ್ತಿದ್ದ ಫಾಸೆ ಪಾರಧಿಗಳನ್ನು ಕರೆಸಿ ಕಟ್ಟಡದ ಕೆಲಸವನ್ನೂ ಕಾವಲಿನ ಕೆಲಸವನ್ನೂ ಕೊಟ್ಟರು. ಕಳ್ಳನೆಂದು ಊರು ಕರೆದವನ ಕೈಗೆ ಕಾವಲಿನ ಕೋಲನ್ನು ಕೊಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ಊರಲ್ಲಿ ಬಾಳಿದವರೇ ಬಲ್ಲರು. ಇಡೀ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯದೆ ರದ್ದಾದುದು 1952ರಲ್ಲಿ, ಎಂದರೆ 34 ವರುಷಗಳ ಬಳಿಕ.

ಅದೇ ಕಾಲದ ಇನ್ನೊಂದು ಸಂಗತಿ ಕೊಲ್ಹಾಪುರದಲ್ಲಿ ಬಾಯಿಂದ ಬಾಯಿಗೆ ಸಾಗಿ ಬಂದಿದೆ. ಅರಮನೆಯ ಲಾಯದಲ್ಲಿ ಚಾಕರಿಗಿದ್ದ ಗಂಗಾರಾಮ ಕಾಂಬಳೆ ಎಂಬಾತನು ಉಳಿದ ಚಾಕರರ ನೀರನ್ನು ಮುಟ್ಟಿದನೆಂದು ಅವರು ಅವನನ್ನು ಹೊಡೆದರು. ಪರಸ್ಥಳದಲ್ಲಿದ್ದ ಮಹಾರಾಜರು ಮರಳಿ ಬಂದು ಹೊಡೆದವರನ್ನು ಶಿಕ್ಷಿಸಿದರು. ಗಂಗಾರಾಮನಿಗೆ ಹಣ ಕೊಟ್ಟು ಸ್ವತಂತ್ರ ಉದ್ಯೋಗ ಮಾಡೆಂದರು. ಅವನು ಪೇಟೆಯ ಬೀದಿಯಲ್ಲಿ ಚಹದ ಅಂಗಡಿಯನ್ನಿಟ್ಟನು. ಅಂಗಡಿ ಅಚ್ಚುಕಟ್ಟು, ಚಹವೂ ರುಚಿ; ಗಿರಾಕಿ ಮಾತ್ರ ಇಲ್ಲ. ಆಗ ಮಹಾರಾಜರ ಗಾಡಿ ಆ ಅಂಗಡಿಯ ಮುಂದೆ ನಿಲ್ಲತೊಡಗಿತು. ತಾವೂ ಕುಡಿದರು, ಜೊತೆಗಿದ್ದ ಮಾನಕರಿಗಳಿಗೂ ಕುಡಿಸಿದರು. ಅರಸನು ಕುಡಿದ ಬಳಿಕ ಊರು ಕುಡಿಯದಿರುವುದು ಹೇಗೆ? ಬೀದಿಯಲ್ಲಿ ಬೇರೂರಿದ ತಿರಸ್ಕಾರಕ್ಕೆ ಮದ್ದನ್ನೂ ಬೀದಿಯಲ್ಲಿಯೇ ನಿಂತು ಕೊಡಬೇಕೆಂಬುದನ್ನು ಅವರು ಅರಿತಿದ್ದರು. ಚಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆ 1889ರಲ್ಲಿ ವಲಸೆಗಾರರ ಓಣಿಯ ನಡುವೆಯೇ ಹಲ್ ಹೌಸನ್ನು ತೆರೆದು ಅಲ್ಲಿಯೇ ವಾಸಮಾಡಿದಳು. ಸಮಾಜಕಾರ್ಯದ ಗ್ರಂಥಗಳೆಲ್ಲ ಅವಳನ್ನು ಹೆಸರಿಸುತ್ತವೆ. ಆ ಗ್ರಂಥಗಳಲ್ಲಿ ಗಂಗಾರಾಮನ ಅಂಗಡಿಗೂ ಒಂದು ಪುಟವಿರುವುದು ನ್ಯಾಯ.

1920ರ ಮಾರ್ಚಿನಲ್ಲಿ ಇಚಲಕರಂಜಿಗೆ ಸಮೀಪದ ಮಾಣಗಾವಿಯಲ್ಲಿ ನೆರೆದ ಬಹಿಷ್ಕೃತರ ಪರಿಷತ್ತಿಗೆ ಅಧ್ಯಕ್ಷರಾದವರು ಆಗ 28 ವರುಷದ ತರುಣರಾದ ಡಾ. ಅಂಬೇಡಕರರು. ಆ ಪರಿಷತ್ತಿಗೆ ಮಹಾರಾಜರು ಸ್ವತಃ ಬಂದು, ನಿಮಗೆ ನಿಮ್ಮ ನಾಯಕನು ದೊರೆತನೆಂದು ಜನರ ಮುಂದೆ ಸಾರಿದರು. ಸಭೆಯನ್ನು ಕೂಡಿಸಲು ದುಡಿದವರಲ್ಲಿ ಆ ಊರಿನ ಜೈನ ಪಾಟೀಲರಾದ ಅಪ್ಪಾಸಾಹೇಬರು ಮುಖ್ಯರು. ಎರಡು ವರುಷಗಳಲ್ಲಿ, 1922ರ ಮೇ 6ರಂದು, ಮಹಾರಾಜರು ತೀರಿಕೊಂಡರು. ವಯಸ್ಸು 48 ಕೂಡ ತುಂಬಿರಲಿಲ್ಲ.

ಅರಸನಿಗೆ ಗಾಡಿಯಿತ್ತು, ಆಜ್ಞೆಯಿತ್ತು, ಬೊಕ್ಕಸವಿತ್ತು. ಇವಾವುವೂ ಇಲ್ಲದವನು ಇದೇ ಕೆಲಸವನ್ನು ಮಾಡಬಲ್ಲನೇ? ಈ ಪ್ರಶ್ನೆಗೆ ಉತ್ತರವಾಗಿ ನಿಂತವರು ಕರ್ಮವೀರ ಭಾವೂರಾವ ಪಾಟೀಲರು. ಅವರ ಮನೆತನದ ಮೂಲ ನಮ್ಮ ದಕ್ಷಿಣ ಕನ್ನಡದ ಮೂಡಬಿದರೆ. ತಂದೆಯ ಹೆಸರು ಪಾಯಗೊಂಡ. ಆ 'ಗೊಂಡ'ದಲ್ಲಿ ನಮ್ಮ 'ಗೌಡ'ನೇ ಕುಳಿತಿರುವನೆಂದು ಬೇರೆ ಹೇಳಬೇಕಾಗಿಲ್ಲ. 1887ರ ಸೆಪ್ಟೆಂಬರ್ 22ರಂದು ಬಾಹುಬಲಿ ಬೆಟ್ಟದ ಸಮೀಪದ ಕುಂಭೋಜದಲ್ಲಿ ಹುಟ್ಟಿ, ಓದಲು ಕೊಲ್ಹಾಪುರಕ್ಕೆ ಬಂದು ಜೈನ ಬೋರ್ಡಿಂಗಿನಲ್ಲಿ ನಿಂತರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದು ಸ್ನಾನಮಾಡಲು ಒಪ್ಪದುದರಿಂದ ಅವರನ್ನು ಬೋರ್ಡಿಂಗಿನಿಂದ ಹೊರಹಾಕಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಒಂದು ಬೋರ್ಡಿಂಗು ತನ್ನ ಹುಡುಗನನ್ನು ಬೀದಿಗೆ ಹಾಕಿತು; ಆ ಹುಡುಗ ಮುಂದೆ ಬೀದಿಯ ಹುಡುಗರಿಗೆಲ್ಲ ಬೋರ್ಡಿಂಗು ಕಟ್ಟಿದನು. ಜಾತಿಗೊಂದು ಬೋರ್ಡಿಂಗಿನ ದೋಷವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಬೇಕಾಗಿಲ್ಲ.

ಪಾಟೀಲರು ಪರೀಕ್ಷೆಗಳಲ್ಲಿ ಮುಂದೆ ಬಂದವರಲ್ಲ. ಮನೆಪಾಠ ಹೇಳಿದರು, ಓಗಲೆಯವರ ಗಾಜಿನ ಕಾರಖಾನೆಗೂ ಕಿರ್ಲೋಸ್ಕರರ ನೇಗಿಲಿಗೂ ಊರೂರು ತಿರುಗಿ ವ್ಯಾಪಾರ ಹಿಡಿದು ಕೊಟ್ಟರು. ಆ ತಿರುಗಾಟದಲ್ಲಿಯೇ ಹಳ್ಳಿಯ ಮಕ್ಕಳ ಸ್ಥಿತಿಯನ್ನು ಕಣ್ಣಾರೆ ಕಂಡರು. 1919ರ ಅಕ್ಟೋಬರ್ 4ರಂದು ಕರಾಡ ತಾಲೂಕಿನ ಕಾಲೆ ಎಂಬಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಶಾಲೆಯ ಹೊರಗೆ ಕುಳಿತು ಒಳಗಿನ ಪಾಠವನ್ನು ಕೇಳುತ್ತಿದ್ದ ಒಬ್ಬ ಅಸ್ಪೃಶ್ಯ ಬಾಲಕನನ್ನು ಅವರು ಕೈಹಿಡಿದು ಕರೆತಂದು ಕೊಲ್ಹಾಪುರದ ಮಿಸ್ ಕ್ಲಾರ್ಕ್ ಬೋರ್ಡಿಂಗಿಗೆ ಸೇರಿಸಿದರೆಂದೂ, ಆ ಬಾಲಕನು ಮುಂದೆ ಮುಂಬಯಿ ವಿಧಿಮಂಡಲದ ಸದಸ್ಯನಾದನೆಂದೂ ಅವರ ಚರಿತ್ರೆಗಳಲ್ಲಿದೆ. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಸೂರಿನಡಿ ಬಾಳುವ ಬೋರ್ಡಿಂಗನ್ನು ತೆರೆದರು. ಇಪ್ಪತ್ತೆಂಟು ವರುಷಗಳ ಹಿಂದೆ ಕೊಲ್ಹಾಪುರದಲ್ಲಿ ಆಗದಿದ್ದುದು ಇಲ್ಲಿ ಆಯಿತು. ಅದಕ್ಕೆ ಕಾರಣ ಸ್ಪಷ್ಟವಿದೆ: ಇಲ್ಲಿ ಹುಡುಗನು ತಾನಾಗಿ ಬಾಗಿಲಿಗೆ ಬರಲಿಲ್ಲ, ಅವನನ್ನು ಊರಿನಿಂದ ಕರೆತಂದವನೇ ಒಳಗೂ ಅವನ ಪಕ್ಕದಲ್ಲಿ ಉಣ್ಣುತ್ತಿದ್ದನು. ಒಲೆಯ ಮುಂದೆ ಪಾಟೀಲರ ಹೆಂಡತಿ ಲಕ್ಷ್ಮೀಬಾಯಿಯವರು. ಕಟ್ಟಾ ಜೈನ ಸಂಪ್ರದಾಯದಲ್ಲಿ ಬೆಳೆದ ಆ ತಾಯಿ ಎಲ್ಲ ಜಾತಿಯ ಮಕ್ಕಳಿಗೂ ಅಡಿಗೆ ಮಾಡಿ ಬಡಿಸಿದರು. ಧಾನ್ಯ ತೀರಿದಾಗ ಮೈಮೇಲಿನ ಬಂಗಾರವನ್ನೂ ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. 1930ರಲ್ಲಿ ತೀರಿಕೊಂಡರು. ಗಾಂಧೀಜಿಯವರು 1927ರಲ್ಲಿ ಬಂದು ಈ ಬೋರ್ಡಿಂಗಿಗೆ ಶಾಹೂ ಛತ್ರಪತಿಗಳ ಹೆಸರನ್ನಿಟ್ಟರು. ಹುಡುಗರು ಹೊಲದಲ್ಲಿ ದುಡಿದು ತಮ್ಮ ಓದಿನ ವೆಚ್ಚವನ್ನು ತಾವೇ ಗಳಿಸಬೇಕೆಂಬುದು ಅಲ್ಲಿಯ ಕಟ್ಟಳೆ. ಭಿಕ್ಷೆಯ ಅನ್ನ ಹುಡುಗನ ಬೆನ್ನನ್ನು ಬಗ್ಗಿಸುವುದೆಂದು ಪಾಟೀಲರು ತಿಳಿದಿದ್ದರು. 1935ರಲ್ಲಿ ಹಳ್ಳಿಯ ಶಿಕ್ಷಕರನ್ನು ಸಿದ್ಧಗೊಳಿಸುವ ಟ್ರೇನಿಂಗ್ ಕಾಲೇಜನ್ನು ತೆರೆದರು. ಕರೆತರುವವರಿಲ್ಲದೆ ಕಲಿಯುವವರಿಲ್ಲವೆಂಬ ಮಾತಿಗೆ ಅದೇ ಸಾಕ್ಷಿ. ಪಾಟೀಲರು 1959ರ ಮೇ 9ರಂದು ಕಾಲವಾದರು.

ಕನ್ನಡನಾಡಿನಲ್ಲಿ ಇಂಥವರಿರಲಿಲ್ಲವೆಂದಲ್ಲ. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿಯೇ ದಲಿತ ವರ್ಗಗಳ ಮಿಶನ್ನನ್ನು ಸ್ಥಾಪಿಸಿ, ಜಾತಿಯ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತು, ಶಾಲೆ ನಡೆಯಿಸಿದರು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಅಂಥದೇ ಸಂಸ್ಥೆಯನ್ನು ಕಟ್ಟಿದರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರೂ ಅವರ ಪತ್ನಿ ನಾಗಮ್ಮತಾಯಿಯವರೂ ಹರಿಜನ ಬಾಲಿಕೆಯರಿಗಾಗಿ ಆಶ್ರಮ ನಡೆಯಿಸಿದರು. ಈ ಕೊನೆಯ ಹೆಸರನ್ನು ನಾನು ಉದ್ದೇಶಪೂರ್ವಕವಾಗಿಯೇ ತಂದಿದ್ದೇನೆ. ಏಕೆಂದರೆ ಇದುವರೆಗೆ ಹೇಳಿದ ಕೊಲ್ಹಾಪುರದ ಬೋರ್ಡಿಂಗುಗಳ ಕಥೆಯಲ್ಲಿ 'ಹುಡುಗ' ಎಂದು ಬರೆಯುತ್ತ ಬಂದೆನಲ್ಲದೆ 'ಹುಡುಗಿ' ಎಂದು ಬರೆಯುವ ಪ್ರಸಂಗ ಬರಲಿಲ್ಲ. ಮಹಾರಾಜರು ವಿಧವೆಯಾದ ತಮ್ಮ ಎಳೆಯ ಸೊಸೆ ಇಂದುಮತಿದೇವಿಯವರಿಗೆ ವಿದ್ಯೆ ಕೊಡಿಸಿದರು, ನಿಜ. ಆದರೆ ಬೀದಿಯ ಹುಡುಗಿಗೆ ನಗರದಲ್ಲಿ ಮನೆ ದೊರೆಯುವುದು ತಡವಾಯಿತು.

ಈ ತಡದ ಬೆಲೆಯನ್ನು ಹೆಚ್ಚಾಗಿ ತೆತ್ತುದು ಗಡಹಿಂಗ್ಲಜದ ಸೀಮೆ. ಹಿರಣ್ಯಕೇಶಿಯ ಎರಡು ದಂಡೆಗಳಲ್ಲಿಯೂ ಸವದತ್ತಿಯ ಎಲ್ಲಮ್ಮನ ಒಕ್ಕಲು ಅಪಾರ. ಕೊಲ್ಹಾಪುರದಿಂದ ಗಾಡಿಗಟ್ಟಲೆ ಜನ ಸವದತ್ತಿಯ ಜಾತ್ರೆಗೆ ಹೋಗಿಬಂದು, ಕೊಲ್ಹಾಪುರದ ರೇಣುಕಾದೇವಿಯ ಗುಡಿಯಲ್ಲಿ 'ಅಂಬೀಲ ಯಾತ್ರೆ'ಯನ್ನು ಮಾಡುವರು. ಅಂಬೀಲವೆಂದರೆ ನಮ್ಮ ಅಂಬಲಿಯೇ. ದೇವಿಗೆ ಗಡಿಯಿಲ್ಲ, ಅಂಬಲಿಗೂ ಗಡಿಯಿಲ್ಲ. ಆದರೆ ಅದೇ ಹಾದಿಯಲ್ಲಿ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟುವ ಪದ್ಧತಿಯೂ ನಡೆದುಬಂದಿತು. ಜಡೆಗಟ್ಟಿದ ಕೂದಲು, ಮನೆಯಲ್ಲಿ ಬೇನೆ, ಗಂಡುಸಂತಾನವಿಲ್ಲವೆಂಬ ಕೊರಗು, ಎಲ್ಲಕ್ಕಿಂತ ಮೇಲಾಗಿ ಬಡತನ: ಯಾವುದಾದರೊಂದು ನೆವ ಸಾಕಾಗುತ್ತಿತ್ತು. ಶಾಹೂ ಮಹಾರಾಜರು 1920ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿದ್ದರು. ಮುಂಬಯಿ ಸರಕಾರ 1934ರಲ್ಲಿ ಕಾಯದೆ ಮಾಡಿತು. ಪದ್ಧತಿ ಹಗಲಿನಿಂದ ರಾತ್ರಿಗೆ ಸರಿಯಿತು, ಅಷ್ಟೇ.

1975ರಲ್ಲಿ ಪುಣೆಯ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನದವರು, ಡಾ. ಬಾಬಾ ಆಢಾವರ ನೇತೃತ್ವದಲ್ಲಿ, ಗಡಹಿಂಗ್ಲಜದಲ್ಲಿ ದೇವದಾಸಿಯರ ಪರಿಷತ್ತನ್ನು ಕೂಡಿಸಿದರು. ಅದುವರೆಗೆ ದೇವದಾಸಿಯರ ವಿಷಯವಾಗಿ ಬರೆದವರು ಬಹಳ, ಮರುಗಿದವರು ಬಹಳ. ಇಲ್ಲಿ ಅವರೇ ಬಂದು ಕುಳಿತರು. ಇಲ್ಲಿಂದೀಚೆಗೆ ಮಾತಿನ ರೀತಿಯೇ ಬದಲಾಯಿತು. ಮುತ್ತು ಕಟ್ಟುವುದನ್ನು ನಿಲ್ಲಿಸಿರೆಂಬುದರ ಜೊತೆಗೆ, ಮುತ್ತು ಈಗಾಗಲೇ ಕಟ್ಟಿದವರ ಹೊಟ್ಟೆಯ ಪಾಡೇನು, ಅವರ ಮಕ್ಕಳ ಓದಿನ ಪಾಡೇನು ಎಂಬ ಪ್ರಶ್ನೆ ಮುಂದೆ ಬಂದಿತು. ಕರ್ನಾಟಕ ಸರಕಾರ 1982ರಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯದೆ ಮಾಡಿತು; ಮಹಾರಾಷ್ಟ್ರದ ಹೊಸ ಕಾಯದೆ ಬಂದುದು 2005ರ ಬಳಿಕ.

ಆ ಮಕ್ಕಳಿಗೆ ಶಾಲೆಯ ಬಾಗಿಲಲ್ಲಿ ಎದುರಾಗುತ್ತಿದ್ದ ಕಲ್ಲು ಯಾವುದೆಂಬುದನ್ನು ಶಿಕ್ಷಕರಾದ ನಾವು ಬಲ್ಲೆವು. ದಾಖಲಾತಿಯ ಪುಸ್ತಕದಲ್ಲಿ ತಂದೆಯ ಹೆಸರಿನ ಅಂಕಣವೊಂದಿರುವುದು. ಕಾಯದೆ ಏನೇ ಹೇಳಲಿ, ಮಗುವಿನ ಮುಖವನ್ನು ನೋಡುತ್ತ ಆ ಅಂಕಣದ ಮೇಲೆ ಬೆರಳಿಟ್ಟು 'ಹೇಳು' ಎಂದಾಗ ತಾಯಿ ತಲೆ ತಗ್ಗಿಸುತ್ತಾಳೆ. ಕೆಲವರು ದೇವರ ಹೆಸರನ್ನು ಹೇಳುತ್ತಾರೆ. ಚಾವಡಿಯಲ್ಲಿ ಹೆಸರು ಬರೆಸಿಕೊಳ್ಳುವುದು ಅವಮಾನವಾಗಿದ್ದರೆ, ಇಲ್ಲಿ ಬರೆಸಲು ಹೆಸರಿಲ್ಲದಿರುವುದು ಅವಮಾನ. ಎರಡೂ ಪುಸ್ತಕಗಳು ಸರಕಾರದವೇ.

ಇಚಲಕರಂಜಿಯ ಕಥೆ ಬೇರೆ ಬಗೆಯದು. ಘೋರ್ಪಡೆ ಮನೆತನದ ಜಹಗೀರಿಯಾಗಿದ್ದ ಆ ಊರಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಜಹಗೀರದಾರರಾದ ನಾರಾಯಣರಾವ ಬಾಬಾಸಾಹೇಬರು ಆಶ್ರಯವಿತ್ತರು. ಅಲ್ಲಿಂದ ಬೆಳೆದ ಊರನ್ನು ಜನರು ಮಹಾರಾಷ್ಟ್ರದ ಮ್ಯಾಂಚೆಸ್ಟರೆಂದರು. 2022ರಲ್ಲಿ ಅಲ್ಲಿಗೆ ಮಹಾನಗರಪಾಲಿಕೆಯೂ ಬಂದಿತು. ಮಗ್ಗದ ಕೂಲಿಗಾಗಿ ನಮ್ಮ ಬೆಳಗಾವಿ, ವಿಜಾಪುರ, ಬಾಗಲಕೋಟೆಗಳ ಕಡೆಯಿಂದ ಸಂಸಾರಗಳು ಬಂದು ನೆಲಸಿದುವು. ಒಂದೇ ಕೋಣೆಯ ಮನೆ. ಮಗ್ಗ ಹಗಲೂ ರಾತ್ರಿಯೂ ನಡೆಯುವುದರಿಂದ ತಂದೆ ಮಲಗುವ ಹೊತ್ತಿಗೆ ಮಕ್ಕಳು ಓಣಿಗೆ. ಮನೆಯ ಮಾತು ಕನ್ನಡ, ಓಣಿಯದು ಮರಾಠಿ, ಮಗ್ಗದ ಮಾಲಕನೊಡನೆ ಹಿಂದಿ. ಇಂಥ ಹುಡುಗ ಶಾಲೆಯಲ್ಲಿ ಮೂಕನಂತೆ ಕೂಡುವುದನ್ನು ಕಂಡು ಬುದ್ಧಿ ಮಂದವೆಂದು ಬರೆದುಬಿಡುವುದು ಸುಲಭ. ಅವನು ಮೂರು ಭಾಷೆಗಳಲ್ಲಿ ಚೌಕಾಸಿ ಮಾಡುವುದನ್ನು ಸಂತೆಯಲ್ಲಿ ಕಂಡವರು ಹಾಗೆ ಬರೆಯಲಾರರು. ಬಾಲಕಾರ್ಮಿಕರ ಕಾಯದೆ 1986ರಲ್ಲಿ ಬಂದಿತು, 2016ರಲ್ಲಿ ಬಿಗಿಯಾಯಿತು. ಶಿಕ್ಷಣದ ಹಕ್ಕಿನ ಕಾಯದೆ 2010ರ ಏಪ್ರಿಲ್ 1ರಿಂದ ನಡೆಯಿತು. ಇವೆಲ್ಲ 1917ರ ಮಹಾರಾಜರ ಆಜ್ಞೆಯ ಮೊಮ್ಮಕ್ಕಳೆನ್ನಬಹುದು. ಆದರೆ ಇಂದು ಊರು ಬಿಟ್ಟು ಊರಿಗೆ ಸಾಗುವ ಸಂಸಾರದ ಮಗುವಿಗೆ ಯಾವ ಊರಿನ ಶಾಲೆ? ಕಬ್ಬು ಕಡಿಯುವ ತಂಡ ದೀಪಾವಳಿಯ ಸುಮಾರಿಗೆ ಬಂದು ಬೇಸಿಗೆಯಲ್ಲಿ ಹೊರಡುವುದು; ಇಟ್ಟಿಗೆಯ ಭಟ್ಟಿಯವರೂ ಹಾಗೆಯೇ. ಮಗುವಿನ ಹೆಸರು ಎರಡು ಊರುಗಳ ಪುಸ್ತಕಗಳಲ್ಲಿದ್ದು ಎರಡರಲ್ಲಿಯೂ ಗೈರುಹಾಜರೆಂದು ಬೀಳುವುದುಂಟು.

ಈ ಗೈರುಹಾಜರಿಯ ಬೆನ್ನು ಹತ್ತಿ ಹೋಗುವವರು ಈಗಲೂ ಇದ್ದಾರೆ. ಕೊಲ್ಹಾಪುರದ 'ಅವನಿ' ಸಂಸ್ಥೆಯನ್ನು ನಡೆಯಿಸುವ ಅನುರಾಧಾ ಭೋಸಲೆಯವರು ಬಾಲ್ಯದಲ್ಲಿ ತಾವೇ ದುಡಿಮೆಯ ಕಷ್ಟವನ್ನು ಉಂಡವರು. ಇಟ್ಟಿಗೆಯ ಭಟ್ಟಿಗಳಿಗೆ ಹೋಗಿ ಅಲ್ಲಿಯೇ ಮಕ್ಕಳಿಗೆ ಪಾಠದ ವ್ಯವಸ್ಥೆ ಮಾಡಿದರು, ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆ ಆಸರೆಯಿತ್ತರು. ಭಟ್ಟಿಯ ಮಾಲಕನ ಮನವೊಲಿಸುವುದು ಒಂದು ಕೆಲಸ. ಮಗು ಶಾಲೆಗೆ ಹೋದರೆ ತಮ್ಮನನ್ನು ಎತ್ತಿಕೊಳ್ಳುವವರು ಯಾರೆಂದು ಕೇಳುವ ತಾಯಿಗೆ ಉತ್ತರ ಕೊಡುವುದು ಇನ್ನೂ ದೊಡ್ಡ ಕೆಲಸ. ಆ ಉತ್ತರ ಕಾಯದೆಯ ಪುಸ್ತಕದಲ್ಲಿ ಸಿಕ್ಕುವಂಥದಲ್ಲ.

2024ರ ಮೇ 1ರಿಂದ ಮಹಾರಾಷ್ಟ್ರ ಸರಕಾರ ಹೊಸದೊಂದು ನಿಯಮವನ್ನು ಜಾರಿಗೆ ತಂದಿದೆ. ಆ ದಿನ ಮತ್ತು ಅದರ ಬಳಿಕ ಹುಟ್ಟಿದ ಮಗುವಿನ ಹೆಸರನ್ನು ಸರಕಾರಿ ಕಾಗದಗಳಲ್ಲಿಯೂ ಶಾಲೆಯ ದಾಖಲಾತಿಯಲ್ಲಿಯೂ ಬರೆಯುವಾಗ ಮಗುವಿನ ಹೆಸರಾದೊಡನೆ ತಾಯಿಯ ಹೆಸರು, ಅನಂತರ ತಂದೆಯ ಹೆಸರು, ಕಡೆಗೆ ಮನೆತನದ ಹೆಸರು. ಆ ದಿನ ಹುಟ್ಟಿದ ಮಕ್ಕಳು 2030ರ ಸುಮಾರಿಗೆ ಒಂದನೆಯ ಇಯತ್ತೆಗೆ ಬರುವರು. ಗಡಹಿಂಗ್ಲಜದ ಕಡೆಯ ಶಾಲೆಯೊಂದರಲ್ಲಿ ಅಂದು ಪುಸ್ತಕವನ್ನು ಬಿಡಿಸಿ ಕೂಡುವ ಶಿಕ್ಷಕನು ಮೊದಲು ತಾಯಿಯ ಹೆಸರನ್ನು ಕೇಳುವನು. ಆ ಅಂಕಣಕ್ಕೆ ಎಲ್ಲ ಮಕ್ಕಳ ಬಳಿಯಲ್ಲಿಯೂ ಉತ್ತರವಿದೆ. ಅದರ ಪಕ್ಕದ ಅಂಕಣವನ್ನು ಬರಿದಾಗಿ ಬಿಟ್ಟು ಮುಂದಿನ ಸಾಲಿಗೆ ಹೋಗುವನೋ, ಬೆರಳಿಟ್ಟು ನಿಲ್ಲುವನೋ, ಅದು ಅವನ ಕೈಯಲ್ಲಿದೆ.